ಆಪರೇಷನ್ ಆದವರಿಗೆ ಬರೀ ಅನ್ನ-ತಿಳಿಸಾರು ಸಾಕಾ? ರೋಣ, ನರಗುಂದ, ಗಜೇಂದ್ರಗಡದ ಮನೆಗಳ ಪಥ್ಯದ ಲೆಕ್ಕ

ರೋಣ/ನರಗುಂದ/ಗಜೇಂದ್ರಗಡ: ಈ ಮೂರೂ ತಾಲೂಕಿನ ಊರುಗಳಲ್ಲಿ ಆಪರೇಷನ್ ಆಗಿ ಮನೆಗೆ ಬಂದವರ ತಾಟು ಹೆಚ್ಚುಕಮ್ಮಿ ಒಂದೇ ಥರ ಇರ್ತದೆ. ಮೆತ್ತಗಿನ ಬಿಳಿ ಅನ್ನ, ಅದರ ಮೇಲೆ ನೀರಿನಂಥ ತಿಳಿಸಾರು, ನಡುನಡುವೆ ಚಹಾ ಮತ್ತು ಬಿಸ್ಕೀಟು. ಹೆರಿಗೆ ಆಪರೇಷನ್ ಇರಲಿ, ಹರ್ನಿಯಾ ಇರಲಿ, ಗರ್ಭಚೀಲ ತೆಗೆಸಿದ್ದಿರಲಿ, ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡಿದ್ದಿರಲಿ, ಪಥ್ಯ ಮಾತ್ರ ಬದಲಾಗಲ್ಲ. ಹೆಸರುಕಾಳು ಬ್ಯಾಡ, ಬದ್ನಿಕಾಯಿ ನಂಜು, ಮೊಸರು ಥಂಡಿ, ಬ್ಯಾಳಿ ತಿಂದ್ರ ಕೀವು ಆಗ್ತದ, ಹುಳಿ ಅಂತೂ ಮುಟ್ಟಲೇಬಾರದು. ಕೆಲವು ಮನೆಗಳಲ್ಲಿ ಇದು ಎಂಟು ದಿನಕ್ಕೆ ಮುಗೀತದೆ. ಕೆಲವು ಕಡೆ ಮೂರು ತಿಂಗಳು.

ಹಿರಿಯರು ಕಾಳಜಿಯಿಂದಲೇ ಮಾಡುವ ಪಥ್ಯ ಇದು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನಂದರೆ, ಗಾಯ ಕೂಡಲು ಯಾವ ಪದಾರ್ಥ ಬೇಕೋ ಅದನ್ನೇ ಈ ಪಥ್ಯ ತಾಟಿನಿಂದ ತೆಗೆದುಬಿಡ್ತದೆ.

ಹೊಲಿಗೆ ಹಾಕೋದು ಡಾಕ್ಟರು. ಆದರೆ ಆ ದಾರ ಎರಡು ಅಂಚನ್ನು ಹತ್ತಿರ ಹಿಡಿದಿರುತ್ತದೆ ಅಷ್ಟೇ. ಅಂಚುಗಳನ್ನು ಕೂಡಿಸುವುದು ದೇಹವೇ ನೇಯುವ ಕೊಲಾಜೆನ್ ಎಂಬ ಎಳೆ. ಕೊಲಾಜೆನ್ ಅಂದರೆ ಪ್ರೋಟೀನು. ಅದನ್ನು ತಯಾರಿಸಲು ಊಟದಿಂದ ಪ್ರೋಟೀನ್ ಬರದಿದ್ದರೆ ದೇಹ ಸುಮ್ಮನೆ ಕೂರಲ್ಲ, ತೊಡೆ ಮತ್ತು ತೋಳಿನ ಮಾಂಸಖಂಡ ಕರಗಿಸಿ ಗಾಯಕ್ಕೆ ಕಳಿಸುತ್ತದೆ. ಆಪರೇಷನ್ ಆಗಿ ತಿಂಗಳಾದರೂ ಕಟ್ಟಿ ಹಿಡಿದುಕೊಂಡು ಏಳಬೇಕಾಗುವುದು, ನಾಲ್ಕು ಹೆಜ್ಜೆಗೆ ದಣಿವಾಗುವುದು ಬಹಳಷ್ಟು ಸಲ ಇದರಿಂದಲೇ. ರೋಗನಿರೋಧಕ ಶಕ್ತಿಗೂ ಪ್ರೋಟೀನೇ ಬೇಕು. ಹಾಗಾಗಿ ಬ್ಯಾಳಿ ತಿಂದರೆ ಕೀವು ಆಗುತ್ತದೆ ಅನ್ನೋದು ತಿರುವುಮುರುವು ಮಾತು. ಕೀವು ಆಗುವುದು ಗಾಯಕ್ಕೆ ರೋಗಾಣು ಸೇರಿದಾಗ. ಅದನ್ನು ತಡೆಯುವ ಶಕ್ತಿ ಬ್ಯಾಳಿ ತಿಂದವರಲ್ಲೇ ಹೆಚ್ಚು.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ ಆಗ್ತದೆ. ಆಪರೇಷನ್ ಆದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಪೌಷ್ಟಿಕ ಆಹಾರ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. 50 ಕಿಲೋ ತೂಕದ ಹೆಣ್ಣುಮಗಳಿಗೆ ಅದು 60ರಿಂದ 75 ಗ್ರಾಂ. ಮೂರು ಹೊತ್ತು ಅನ್ನ-ತಿಳಿಸಾರು, ಎರಡು ಸಲ ಚಹಾ-ಬಿಸ್ಕೀಟು ತಿಂದರೆ ಸಿಗುವುದು ಸುಮಾರು 30 ಗ್ರಾಂ. ಅರ್ಧ!

ಸಲೈನ್ ಬಾಟಲಿಯ ನಂಬಿಕೆ

ಇನ್ನೊಂದು ಮಾತು ಎಲ್ಲ ಕಡೆ ಕೇಳ್ತದೆ. "ಉಣ್ಣಾಕ ಆಗವಲ್ದು, ಒಂದ್ ಸಲೈನ್ ಹಚ್ಚಸ್ರಿ, ಶಕ್ತಿ ಬರ್ತದ." ಸಾಮಾನ್ಯ ಸಲೈನ್ ಅಂದರೆ ಉಪ್ಪುನೀರು; 500 ಮಿ.ಲೀ. ಬಾಟಲಿಯಲ್ಲಿ 4.5 ಗ್ರಾಂ ಉಪ್ಪು, ಬೇರೇನೂ ಇಲ್ಲ. ಗ್ಲೂಕೋಸ್ ಬಾಟಲಿ ಅಂದರೆ 5 ಪರ್ಸೆಂಟಿನ ಡೆಕ್ಸ್‌ಟ್ರೋಸ್. ಅದರ 500 ಮಿ.ಲೀ.ನಲ್ಲಿ 25 ಗ್ರಾಂ ಸಕ್ಕರೆ, ಸುಮಾರು 85 ಕಿಲೋ ಕ್ಯಾಲರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಅದರ ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಇದೆ, ಮೇಲೆ 5 ಗ್ರಾಂ ಪ್ರೋಟೀನ್ ಬೇರೆ. ಅಂದರೆ ಒಂದು ಬಾಟಲಿ ಗ್ಲೂಕೋಸು ಅರ್ಧ ರೊಟ್ಟಿಗೆ ಸಮ. ಬಾಯಿಂದ ನೀರು ಕುಡಿಯಲಾಗದವರಿಗೆ, ರಕ್ತ ಹೋದವರಿಗೆ, ವಾಂತಿಭೇದಿಗೆ ಸಲೈನ್ ಬೇಕೇ ಬೇಕು. ಆದರೆ ಅದು ಊಟದ ಬದಲಿ ಅಲ್ಲ.

ಪಥ್ಯದ ಹಳೇ ಬೇರು

ಪಥ್ಯ ಅನ್ನೋದು ನಿನ್ನೆ ಮೊನ್ನೆಯದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೇ ಅಧ್ಯಾಯ ಪೂರ್ತಿ ಗಾಯವಾದವರ ಆರೈಕೆಯದೇ. ಅಲ್ಲಿ ಗಾಯಾಳು ತಿನ್ನಬೇಕಾದ್ದರ ಪಟ್ಟಿಯಲ್ಲಿ ಹಳೇ ಅಕ್ಕಿಯ ಅನ್ನ, ಕಿರಕಸಾಲಿ ಜಾತಿಯ ಸೊಪ್ಪು, ಎಳೇ ಮೂಲಂಗಿ, ಪಡವಲ, ಹಾಗಲ, ದಾಳಿಂಬೆ, ನೆಲ್ಲಿಕಾಯಿ, ಹೆಸರುಕಾಳಿನ ಕಟ್ಟು ಎಲ್ಲ ಇವೆ. ಬದನೆಕಾಯಿಯೂ ಇದೆ! ನಮ್ಮ ಕಡೆ ನಂಜು ಅಂತ ದೂರ ಇಟ್ಟಿದ್ದೇ ಅಲ್ಲಿ ಪಥ್ಯ. ಬೇಡ ಎಂಬ ಪಟ್ಟಿಯಲ್ಲಿ ಹೊಸ ಧಾನ್ಯ, ಉದ್ದು, ಎಳ್ಳು, ಹುರಳಿ, ಹಾಲು, ಮೊಸರು, ಮಜ್ಜಿಗೆ ಇರುವುದೂ ನಿಜ. ಈಗಿನ ವೈದ್ಯಶಾಸ್ತ್ರ ಹಾಲು-ಮೊಸರಿಗೆ ಅಡ್ಡಿ ಹೇಳಲ್ಲ. ಆದರೆ ಹೆಸರು, ಸೊಪ್ಪು, ನೆಲ್ಲಿಯಂಥ ಹುಳಿಹಣ್ಣಿನ ವಿಷಯದಲ್ಲಿ ಹಳೆಯ ಗ್ರಂಥವೂ ಹೊಸ ಶಾಸ್ತ್ರವೂ ಒಂದೇ ಕಡೆ ನಿಂತಿವೆ. ನಮ್ಮ ಮನೆಗಳ ಪಥ್ಯ ಎರಡಕ್ಕೂ ಹೊಂದಲ್ಲ.

ತಾರೀಕು ಗೊತ್ತಾದ ದಿನದಿಂದಲೇ ಊಟ

ಅಪೆಂಡಿಕ್ಸ್, ಅಪಘಾತ, ತುರ್ತು ಹೆರಿಗೆ ಇವು ಹೇಳಿ ಕೇಳಿ ಬರಲ್ಲ. ಉಳಿದ ಬಹಳಷ್ಟು ಆಪರೇಷನ್‌ಗಳನ್ನು ನಮ್ಮ ಕಡೆ ಹೊಲದ ಕೆಲಸ ನೋಡಿಕೊಂಡು ಇಟ್ಟುಕೊಳ್ಳೋದು ರೂಢಿ. ಹೆಸರು ಬಿಡಿಸಿದ ಮೇಲೆ, ಕಡಲಿ ರಾಶಿ ಆದ ಮೇಲೆ, ಜಾತ್ರೆ ಮುಗಿದ ಮೇಲೆ. ಈ ಕಾಯುವ ಒಂದೆರಡು ತಿಂಗಳು ಸುಮ್ಮನೆ ಕಳೆದುಹೋಗ್ತದೆ. ತೂಕ ಏರಿಸಿಕೊಳ್ಳಲು, ರಕ್ತ ಹೆಚ್ಚಿಸಿಕೊಳ್ಳಲು ಇದಕ್ಕಿಂತ ಒಳ್ಳೇ ಹೊತ್ತು ಮತ್ತೆ ಸಿಗಲ್ಲ.

1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಹೈರಮ್ ಸ್ಟಡ್ಲಿ ಎಂಬವರು ಹೊಟ್ಟೆಹುಣ್ಣಿನ ಆಪರೇಷನ್ ಮಾಡಿಸಿಕೊಂಡವರ ದಾಖಲೆ ತೆಗೆದು ನೋಡಿದರು. ಆಪರೇಷನ್‌ಗೆ ಮೊದಲೇ ತೂಕದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೆ ಒಬ್ಬರಂತೆ ತೀರಿಕೊಂಡಿದ್ದರು. ಅಷ್ಟು ಇಳಿಯದವರಲ್ಲಿ ಸತ್ತವರು ನೂರಕ್ಕೆ ಮೂರು-ನಾಲ್ಕು. ಆಪರೇಷನ್ ಅದೇ, ರೋಗ ಅದೇ. ವ್ಯತ್ಯಾಸ ಇದ್ದದ್ದು ತೂಕದಲ್ಲಿ. ಅದಾದ ಮೇಲೆ ಔಷಧ, ಅರಿವಳಿಕೆ ಎಲ್ಲ ಸುಧಾರಿಸಿವೆ, ಆದರೂ ಈ ಮಾತು ಸುಳ್ಳಾಗಿಲ್ಲ. ಪೂರ್ತಿ ಸೊರಗಿದ ರೋಗಿಯಾದರೆ ತುರ್ತಿಲ್ಲದ ಆಪರೇಷನ್ ಅನ್ನು ಒಂದೆರಡು ವಾರ ಮುಂದಕ್ಕೆ ಹಾಕಿ ಮೊದಲು ಆಹಾರ ಕೊಡಿ ಎಂದೇ ಈಗಿನ ಮಾರ್ಗಸೂಚಿಯೂ ಹೇಳುತ್ತದೆ.

ಸೊರಗಿದ್ದು ಗೊತ್ತಾಗಲು ದೊಡ್ಡ ಟೆಸ್ಟ್ ಬೇಕಿಲ್ಲ. ಬಳೆ ಜಾರುತ್ತಿವೆ, ರವಿಕೆ ಸಡಿಲಾಗಿದೆ, ಪ್ಯಾಂಟಿಗೆ ಬೆಲ್ಟಿನ ಹೊಸ ತೂತು ಬೇಕಾಗಿದೆ ಅಂದರೆ ಡಾಕ್ಟರಿಗೆ ಹೇಳಬೇಕು. ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಅದು ಎಚ್ಚರಿಕೆಯ ಗಂಟೆ. 60 ಕಿಲೋ ಇದ್ದವರು 54ಕ್ಕೆ ಬಂದರೆ ಅಷ್ಟಾಯಿತು. ದಪ್ಪ ಇದ್ದವರೆಲ್ಲ ಗಟ್ಟಿ ಅನ್ನೋ ಹಾಗೂ ಇಲ್ಲ. ಹೊಟ್ಟೆ ದೊಡ್ಡದಿದ್ದು ಕೈಕಾಲು ಸಣ್ಣಗಾದವರಲ್ಲೂ ಪ್ರೋಟೀನ್ ಕೊರತೆ ಇರ್ತದೆ.

ಎರಡನೆಯದು ಹಿಮೋಗ್ಲೋಬಿನ್. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹೆಣ್ಣುಮಕ್ಕಳಿಗೆ 12, ಗರ್ಭಿಣಿಗೆ 11, ಗಂಡಸರಿಗೆ 13 ಗ್ರಾಂ ಇರಬೇಕು. ಮುಟ್ಟಿನ ಅತಿಸ್ರಾವಕ್ಕೆ ಗರ್ಭಚೀಲದ ಆಪರೇಷನ್‌ಗೆ ಹೋಗುವವರಲ್ಲಿ ಇದು 8-9ಕ್ಕೆ ಇಳಿದಿರುವುದೂ ಉಂಟು. ಕಬ್ಬಿಣಾಂಶದ ಗುಳಿಗೆ ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗ್ತದೆ. ಆದರೆ ಗುಳಿಗೆ ನುಂಗಿ ಮೇಲೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ತೀರಾ ಕಮ್ಮಿ. ಗುಳಿಗೆ ಮತ್ತು ಚಹಾದ ನಡುವೆ ಕನಿಷ್ಠ ಒಂದು ತಾಸು ಅಂತರ ಬೇಕು. ಹಾಲು, ಕ್ಯಾಲ್ಸಿಯಂ ಗುಳಿಗೆಯೂ ಜೊತೆಗೆ ಬೇಡ. ಒಂದು ಹೋಳು ಲಿಂಬಿಹಣ್ಣು ಹಿಂಡಿದ ನೀರಿನ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ರಕ್ತ ಒಂದು ವಾರದಲ್ಲಿ ಏರಲ್ಲ, ತಿಂಗಳೇ ಬೇಕು. ಆಪರೇಷನ್ ಹಿಂದಿನ ದಿನ ಬೀಟ್‌ರೂಟ್ ಜ್ಯೂಸ್ ಕುಡಿದರೆ ಏನೂ ಆಗಲ್ಲ.

ಶುಗರ್ ಇದ್ದವರ ಕಥೆ ಬೇರೆಯೇ ಇದೆ. ರಕ್ತದಲ್ಲಿ ಸಕ್ಕರೆ 180 ದಾಟಿಕೊಂಡೇ ಇದ್ದರೆ ಗಾಯ ಮಾಯುವುದು ತಡ, ಕೀವು ಆಗುವ ಸಂಭವ ಹೆಚ್ಚು. ಅಂಥವರಿಗೆ ಗಂಜಿ, ಬಿಳಿ ಅನ್ನ, ಬಿಸ್ಕೀಟಿನ ಪಥ್ಯ ಬೆಂಕಿಗೆ ಎಣ್ಣೆ ಹಾಕಿದಂಗೆ. ಜೋಳ, ಕಾಳು, ತಪ್ಪಲುಪಲ್ಯ ಅವರಿಗೆ ಇನ್ನೂ ಹೆಚ್ಚು ಬೇಕು.

ಉಪವಾಸ ಎಷ್ಟು ತಾಸು?

"ರಾತ್ರಿ ಹನ್ನೆರಡರ ನಂತರ ಏನೂ ತಗೋಬ್ಯಾಡ್ರಿ" ಅಂತ ಆಸ್ಪತ್ರೆಯವರು ಹೇಳುವುದಕ್ಕೆ ಕಾರಣ ಇದೆ. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಸಡಿಲಾಗುತ್ತದೆ. ಹೊಟ್ಟೆಯಲ್ಲಿ ಅನ್ನ ಇದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ಹೆರಿಗೆಗೆ ಅರಿವಳಿಕೆ ಪಡೆದ ಹೆಂಗಸರಲ್ಲಿ ಹೀಗಾಗುವುದನ್ನು 1946ರಲ್ಲಿ ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ ವಿವರವಾಗಿ ಬರೆದ ಮೇಲೆ ಈ ನಿಯಮ ಎಲ್ಲೆಡೆ ಬಿಗಿಯಾಯಿತು.

ಈಗಿನ ಲೆಕ್ಕ ಸ್ವಲ್ಪ ಬೇರೆ. ಮಿರ್ಚಿ, ಬಜಿ, ಮಾಂಸದಂಥ ಎಣ್ಣೆ ಪದಾರ್ಥಕ್ಕೆ 8 ತಾಸು ಅಥವಾ ಹೆಚ್ಚು. ಹಗುರ ಊಟಕ್ಕೆ ಮತ್ತು ಹಾಲಿಗೆ 6 ತಾಸು. ಎದೆಹಾಲು ಕುಡಿಯುವ ಕೂಸಿಗೆ 4. ಬರೀ ನೀರಿಗೆ 2 ತಾಸು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಗುಟ್ಕಾ, ತಂಬಾಕು, ಎಲೆ-ಅಡಿಕೆ ಬಾಯಲ್ಲಿಟ್ಟುಕೊಂಡು ಥಿಯೇಟರ್ ಬಾಗಿಲಿಗೆ ಹೋಗುವುದಂತೂ ಬೇಡವೇ ಬೇಡ. ಬೆಳಿಗ್ಗೆ ಚಹಾ ಕುಡಿದಿದ್ದರೆ ಮುಚ್ಚಿಡದೆ ಹೇಳಬೇಕು. ಆಪರೇಷನ್ ಒಂದು ದಿನ ಮುಂದಕ್ಕೆ ಹೋದೀತು, ಜೀವ ಉಳಿಯುತ್ತದೆ.

ನಮ್ಮ ಭಾಗದ ನಿಜವಾದ ಸಮಸ್ಯೆ ದೂರದ್ದು. ಗಜೇಂದ್ರಗಡದಿಂದ ಗದಗದ ಜಿಮ್ಸ್ ಆಸ್ಪತ್ರೆಗೆ ಐವತ್ತು ಕಿಲೋಮೀಟರಿಗಿಂತ ಹೆಚ್ಚು. ನರಗುಂದದವರು ಹುಬ್ಬಳ್ಳಿ ಕಿಮ್ಸ್‌ಗೆ ಹೋದರೂ ಅಷ್ಟೇ. ಹಳ್ಳಿಯವರು ರಾತ್ರಿ ಏಳೂವರೆಗೆ ಉಂಡು ಮಲಗಿ, ನಸುಕಿನ ಬಸ್ಸು ಹಿಡಿದು ಹೋಗಿ, ಸರತಿ ಬಂದು ಟೇಬಲ್ ಮೇಲೆ ಮಲಗುವಾಗ ಮಧ್ಯಾಹ್ನ ಎರಡಾದರೆ ಹದಿನೆಂಟೂವರೆ ತಾಸಿನ ಉಪವಾಸ ಆಯಿತು. ನೀರೂ ಇಲ್ಲ. ಇಷ್ಟು ಹಸಿದರೆ ದೇಹ ಆಪರೇಷನ್‌ಗೆ ಮೊದಲೇ ತನ್ನ ಖಜಾನೆ ಒಡೆಯಲು ಶುರು ಮಾಡ್ತದೆ, ಬಾಯಿ ಒಣಗಿ ತಲೆನೋವು, ವಾಂತಿ ಹೆಚ್ಚಾಗುತ್ತದೆ. ಹನ್ನೆರಡರವರೆಗೆ ಬಿಟ್ಟಿದ್ದಾರೆ ಅಂದರೆ ರಾತ್ರಿ ಹತ್ತಕ್ಕೆ ಹೆಸರುಬ್ಯಾಳಿ-ಅನ್ನದಂಥ ಹಗುರ ಊಟ ಮತ್ತೊಮ್ಮೆ ಮಾಡಬಹುದು. ಭರ್ತಿ ಆಗುವಾಗಲೇ ಕೇಳಬೇಕಾದ ಪ್ರಶ್ನೆ ಎರಡು: ನನ್ನ ನಂಬರ್ ಎಷ್ಟು ಗಂಟೆಗೆ ಬರಬಹುದು, ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು. ಕೊನೆಯ ಮಾತು ಅರಿವಳಿಕೆ ಡಾಕ್ಟರದ್ದೇ. ಶುಗರ್, ಬಿ.ಪಿ. ಗುಳಿಗೆ ಆವತ್ತು ಬೆಳಿಗ್ಗೆ ತಗೊಳ್ಳಬೇಕೋ ಬೇಡವೋ ಅನ್ನೋದನ್ನೂ ಅವರನ್ನೇ ಕೇಳಬೇಕು.

ವಾರ್ಡಿನ ಮೊದಲ ದಿನ

"ಗಾಳಿ ಸರೀತೇನು?" ಹೊಟ್ಟೆ ಆಪರೇಷನ್ ಆದವರ ವಾರ್ಡಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಗಾಳಿ ಸರಿಯುವವರೆಗೆ ಬಾಯಿಗೆ ಏನೂ ಇಲ್ಲ ಎಂಬುದು ಹಳೇ ಪದ್ಧತಿ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1997ರಲ್ಲಿ ಬರೆದ ಲೇಖನದಿಂದ ಬೆಳೆದು ಬಂದ ಹೊಸ ಪದ್ಧತಿಯಲ್ಲಿ ರೋಗಿಗೆ ಬೇಗ ಬಾಯಿಂದ ಆಹಾರ ಕೊಡುತ್ತಾರೆ, ಬೇಗ ಎಬ್ಬಿಸಿ ನಡೆಸುತ್ತಾರೆ. ಸಿಸೇರಿಯನ್ ಆದವರಿಗೂ ಕೆಲವೇ ತಾಸಿನಲ್ಲಿ ನೀರು, ಗಂಜಿ ಶುರು ಮಾಡುವ ಆಸ್ಪತ್ರೆಗಳು ಈಗ ಇವೆ. ಕರುಳು ಕತ್ತರಿಸಿ ಜೋಡಿಸಿದ್ದರೆ ವಿಷಯ ಬೇರೆ. ಡಾಕ್ಟರು ಹೇಳದೆ ಒಂದು ಗುಟುಕು ನೀರೂ ಕೊಡಬಾರದು. ಉಳಿದವರು ಡಾಕ್ಟರು "ಊಟ ಶುರು ಮಾಡ್ರಿ" ಅಂದ ದಿನವೇ ಶುರು ಮಾಡಬೇಕು. ಅಲ್ಲಿಂದ ಮುಂದೆ ತಡ ಮಾಡೋದು ಮನೆಯವರೇ.

ಮೊದಲೆರಡು ದಿನ ರೊಟ್ಟಿ ಅಗಿಯಲಾಗಲ್ಲ. ಹೆಸರುಬ್ಯಾಳಿ ಹಾಕಿದ ಮೆತ್ತಗಿನ ಖಿಚಡಿ, ಜೋಳದ ನುಚ್ಚಿಗೆ ಮಜ್ಜಿಗೆ, ಹಾಲಿನಲ್ಲಿ ಹಿಚುಕಿದ ರೊಟ್ಟಿ, ರಾಗಿ ಅಂಬಲಿ ನಡೀತದೆ. ಒಮ್ಮೆಗೆ ತಾಟು ತುಂಬ ಬೇಡ. ಎರಡೆರಡು ತಾಸಿಗೆ ಒಂದು ಬಟ್ಟಲು. ನೋವಿನ ಗುಳಿಗೆಯಿಂದ ಮಲಬದ್ಧತೆ ಆಗುತ್ತದೆ. ಹರ್ನಿಯಾ, ಮೂಲವ್ಯಾಧಿ ಆಪರೇಷನ್ ಆದವರು ಮುಕ್ಕರಿಸಿದರೆ ಹೊಲಿಗೆಗೆ ಪೆಟ್ಟು. ನೀರು, ತಪ್ಪಲು, ಹಣ್ಣು ಅವರಿಗೆ ಔಷಧಿಯಷ್ಟೇ ಮುಖ್ಯ.

ಮನೆಯ ತಾಟಿನಲ್ಲಿ ಎಲ್ಲ ಇದೆ

ಆಯುಷ್ಮಾನ್ ಕಾರ್ಡ್ ಇದ್ದರೆ ಬಿ.ಪಿ.ಎಲ್. ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆ ಇದೆ. ಆದರೆ ಮನೆಗೆ ಬಂದ ಮೇಲಿನ ಒಂದು ತಿಂಗಳ ಊಟದ ಖರ್ಚು ಮನೆಯದೇ. ಇಲ್ಲೇ ಮೆಡಿಕಲ್ ಶಾಪಿನ ಪ್ರೋಟೀನ್ ಪೌಡರ್ ಡಬ್ಬಿಗೆ ನೂರಾರು ರೂಪಾಯಿ ಹೋಗ್ತದೆ. ಎರಿಹೊಲದ ಈ ಸೀಮೆಯಲ್ಲಿ ಹೆಸರು, ಕಡಲಿ, ಜೋಳ, ಶೇಂಗಾ ಬೆಳೆದು ಮಾರಿ, ಡಬ್ಬಿ ಕೊಂಡು ತರುವುದು ವಿಚಿತ್ರವೇ ಸರಿ. ನುಂಗಲಾಗದವರಿಗೆ, ತೀರಾ ಸೊರಗಿದವರಿಗೆ ಡಾಕ್ಟರು ಬರೆದುಕೊಟ್ಟರೆ ಆ ಮಾತು ಬೇರೆ.

ಒಂದು ದಿನದ ಲೆಕ್ಕ ನೋಡಿ. ನಾಲ್ಕು ಜೋಳದ ರೊಟ್ಟಿಯಲ್ಲಿ 20 ಗ್ರಾಂ ಪ್ರೋಟೀನ್. ಒಂದು ಮುಷ್ಟಿ, ಅಂದರೆ 50 ಗ್ರಾಂ ಹೆಸರು ಅಥವಾ ಮಡಕಿಕಾಳಿನ ಉಸುಳಿಯಲ್ಲಿ 11. ಗಟ್ಟಿ ತೊಗರಿಬ್ಯಾಳಿ ಒಂದು ಬಟ್ಟಲು 8. ಹಾಲು ಒಂದು ದೊಡ್ಡ ಗ್ಲಾಸು 8. ಮೊಸರು ಒಂದು ಬಟ್ಟಲು 6. ಎರಡು ಚಮಚ ತುಂಬ ಶೇಂಗಾ ಹಿಂಡಿ 6. ರಾತ್ರಿ ಸ್ವಲ್ಪ ಅನ್ನ 6. ಕೂಡಿದರೆ 65. ಡಬ್ಬಿ ಬೇಕಾಗಿಲ್ಲ. ತಿನ್ನುವ ಮನೆಯಾದರೆ ಎರಡು ತತ್ತಿಯಲ್ಲಿ 12 ಗ್ರಾಂ ಸಿಗುತ್ತದೆ. ತಿನ್ನದ ಮನೆಯಲ್ಲಿ ಹಿಂಡಿ, ಉಸುಳಿ ಇನ್ನೊಂದು ಚಮಚ ಹೆಚ್ಚು ಹಾಕಿದರೆ ಆಯಿತು. ತಿಳಿಸಾರು ಮಾಡುವಾಗ ಮೇಲಿನ ತಿಳಿ ರೋಗಿಗೆ, ತಳದ ಬ್ಯಾಳಿ ಉಳಿದವರಿಗೆ ಹೋಗುತ್ತದಲ್ಲ, ಅದನ್ನು ಉಲ್ಟಾ ಮಾಡಿದರೂ ಅರ್ಧ ಕೆಲಸ ಆದಂತೆ. ಖಾರ ಸಾಕಷ್ಟು ಕಮ್ಮಿ ಇರಲಿ, ಹೊಟ್ಟೆ ಉರಿಗೆ ಮಾತ್ರ, ಗಾಯಕ್ಕಲ್ಲ.

ಹುಳಿಯ ವಿಷಯಕ್ಕೆ ಬಂದರೆ ಬಾಸ್ಟನ್ನಿನ ಒಬ್ಬ ಸರ್ಜನ್ ಮೈಮೇಲೇ ಪ್ರಯೋಗ ಮಾಡಿಕೊಂಡಿದ್ದ. ಹೆಸರು ಜಾನ್ ಕ್ರ್ಯಾಂಡನ್. 1939ರಲ್ಲಿ ಆರು ತಿಂಗಳು ವಿಟಮಿನ್ ಸಿ ಇಲ್ಲದ ಊಟ ಮಾಡಿದ. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಕುಯ್ಯಿಸಿಕೊಂಡ ಗಾಯ ಸರಿಯಾಗಿ ಮಾಯಿತು. ಆರು ತಿಂಗಳಾದಾಗ ಕುಯ್ಯಿಸಿಕೊಂಡದ್ದು ಒಳಗೆ ಕೂಡಲೇ ಇಲ್ಲ. ವಿಟಮಿನ್ ಸಿ ಕೊಟ್ಟ ಮೇಲೆ ಮಾಯಿತು. ಕೊಲಾಜೆನ್ ಎಳೆ ಗಟ್ಟಿಯಾಗಲು ಆ ವಿಟಮಿನ್ ಬೇಕೇ ಬೇಕು. ಅದು ಇರುವುದು ನಾವು ಮುಟ್ಟಬೇಡ ಅನ್ನುವ ಲಿಂಬಿ, ನೆಲ್ಲಿ, ಪೇರಲದಲ್ಲಿ. ಕುದಿಸಿದರೆ ಬಹಳಷ್ಟು ಹೋಗಿಬಿಡ್ತದೆ, ಹಾಗಾಗಿ ಲಿಂಬಿ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತೆ ತಪ್ಪಲು ಒಳ್ಳೇದೇ, ಆದರೆ ಉಪ್ಪುನೀರಿನಲ್ಲಿ ಎರಡು ಮೂರು ಸಲ ತೊಳೆದಿರಬೇಕು.

ಸಿಸೇರಿಯನ್ ಆದ ಬಾಣಂತಿಗೆ ಎರಡು ಭಾರ, ಗಾಯವೂ ಮಾಯಬೇಕು, ಹಾಲೂ ಬರಬೇಕು. ಅಂಟಿನುಂಡಿ, ಅಳವಿ ಪಾಯಸ, ಉತ್ತತ್ತಿ, ಕೊಬ್ಬರಿ ಕೊಡುವ ನಮ್ಮ ರೂಢಿ ಚಲೋದೇ. ನೀರು ಕುಡಿಸಿದರೆ ಹೊಟ್ಟೆ ಬರ್ತದೆ ಅಂತ ದಿನಕ್ಕೆ ಎರಡು ಗ್ಲಾಸಿಗೆ ನಿಲ್ಲಿಸುವುದು ಮಾತ್ರ ಸರಿಯಲ್ಲ. ಮಲಬದ್ಧತೆ, ಮೂತ್ರದ ಉರಿ ಎರಡೂ ಅದರಿಂದಲೇ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೆ ಮತ್ತು ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೆ ಅಂಗನವಾಡಿಯಿಂದ ಊಟ, ಹಾಲು, ತತ್ತಿ, ಶೇಂಗಾ ಚಿಕ್ಕಿ ಇದೆ. ಪಥ್ಯದ ನೆಪದಲ್ಲಿ ಅದನ್ನು ಮನೆಯ ಉಳಿದ ಮಕ್ಕಳಿಗೆ ಹಂಚಿಬಿಡುವುದು ಹೊಸದಲ್ಲ.

ಎಲ್ಲರಿಗೂ ಒಂದೇ ತಾಟು ಹೊಂದಲ್ಲ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅನ್ನುವುದನ್ನು ಡಾಕ್ಟರಿಂದ ಬರೆಸಿಕೊಳ್ಳಬೇಕು. ಪಿತ್ತಕೋಶ ತೆಗೆಸಿದವರು ಕೆಲವು ವಾರ ಎಣ್ಣೆ, ಕರಿದದ್ದು ಕಮ್ಮಿ ಮಾಡಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ತಗೊಳ್ಳುವವರು ತಪ್ಪಲುಪಲ್ಯ ಒಂದು ದಿನ ರಾಶಿ, ಒಂದು ದಿನ ಶೂನ್ಯ ಮಾಡದೆ ದಿನಾ ಒಂದೇ ಪ್ರಮಾಣ ಇಟ್ಟುಕೊಳ್ಳಬೇಕು. ಇನ್ನು ಗಾಯದ ಸುತ್ತ ಕೆಂಪಾಗಿ ಬಿಸಿ ಆದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ ಏನು ತಿಂದಿದ್ದಕ್ಕೆ ಹೀಗಾಯ್ತು ಅಂತ ಮನೆಯಲ್ಲಿ ಪಂಚಾಯ್ತಿ ಮಾಡುತ್ತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನೋಡಲು ಬರುವ ನೆಂಟರದೊಂದು ಸಂಗತಿ ಉಳಿಯಿತು. ಬ್ರೆಡ್ಡು, ಗ್ಲೂಕೋಸ್ ಬಿಸ್ಕೀಟು, ಎಳನೀರು ಹಿಡಿದು ಬರೋದು ವಾಡಿಕೆ. ಎಳನೀರಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬಹುದು, ಬಿಸ್ಕೀಟೆಂದರೆ ಮೈದಾ-ಸಕ್ಕರೆ. ಅದೇ ದುಡ್ಡಿಗೆ ಅರ್ಧ ಲೀಟರ್ ಹಾಲು, ನಾಲ್ಕು ಪೇರಲಹಣ್ಣು ಬರುತ್ತವೆ. ಮನೆಯಿಂದಲೇ ತರುವವರು ಡಬ್ಬಿಯಲ್ಲಿ ಶೇಂಗಾದುಂಡಿ, ಒಂದು ಗಿಂಡಿ ಗಟ್ಟಿ ಮೊಸರು ತಂದರೆ ರೋಗಿ ಆವತ್ತೇ ತಿಂದು ಮುಗಿಸಬಹುದು.